ಐಆರ್‌ಎ ಒಳಗಿನ ಡಿವಿಡೆಂಡ್: ಕ್ಯಾಷ್ ಆಗಿ ಇಟ್ಟುಕೊಳ್ಳಲೋ, ಮತ್ತೆ ಫಂಡಿಗೇ ಹಾಕಲೋ?

ಹಾಸನದವಳು (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನನಗೆ 52. ಹಳೇ ಕಂಪನಿ ಬಿಟ್ಟಾಗ ಅಲ್ಲಿನ 401ಕೆ (ಕಂಪನಿ ಮೂಲಕದ ನಿವೃತ್ತಿ ಖಾತೆ) ದುಡ್ಡನ್ನು ಟ್ರೆಡಿಷನಲ್ ಐಆರ್‌ಎಗೆ (ಅಮೆರಿಕದಲ್ಲಿ ನಾವೇ ತೆರೆಯುವ ನಿವೃತ್ತಿ ಖಾತೆ) ರೋಲ್‌ಓವರ್, ಅಂದರೆ ವರ್ಗಾವಣೆ, ಮಾಡಿಸಿದ್ದೆ. ಒಂದು ಎಸ್ ಆಂಡ್ ಪಿ 500 ಇಂಡೆಕ್ಸ್ ಫಂಡ್, ಒಂದು ಬಾಂಡ್ ಫಂಡ್, ಜೊತೆಗೆ ಒಂದು ಆಕ್ಟಿವ್ ಫಂಡ್ (ಮ್ಯಾನೇಜರ್ ಷೇರು ಆರಿಸಿ ಕೊಂಡು ಮಾರುವ ಫಂಡ್) ಇವೆ. ಡಿಸೆಂಬರಿನಲ್ಲಿ ಆಕ್ಟಿವ್ ಫಂಡಿನ ಬೆಲೆ ಒಂದೇ ದಿನ ಶೇ. 8ರಷ್ಟು ಇಳಿಯಿತು. ಮಾರ್ಕೆಟ್ ಅವತ್ತು ಬಿದ್ದೇ ಇಲ್ಲ! ಆಮೇಲೆ ನೋಡಿದರೆ ಯೂನಿಟ್‌ಗಳು ಜಾಸ್ತಿಯಾಗಿವೆ.

ಇದಕ್ಕೆ ಟ್ಯಾಕ್ಸ್ ಕಟ್ಟಬೇಕಾ? 1099 (ಆದಾಯ ತೋರಿಸುವ ಟ್ಯಾಕ್ಸ್ ಫಾರ್ಮ್) ಯಾವುದೂ ಬಂದಿಲ್ಲ. 2025ಕ್ಕೆ ಐಆರ್‌ಎಗೆ ಹಾಕಬಹುದಾದ 8,000 ಡಾಲರ್ ಮಿತಿಯನ್ನು ಆಗಲೇ ತುಂಬಿಸಿದ್ದೇನೆ. ಡಿವಿಡೆಂಡ್ ಮತ್ತೆ ಫಂಡಿಗೆ ಹೋದರೆ ಮಿತಿ ಮೀರುತ್ತದಾ? ಇನ್ನೊಂದು ವಿಷಯ. ಈಗಿನ ಕಂಪನಿಯ 401ಕೆ ಸ್ಟೇಟ್‌ಮೆಂಟಿನಲ್ಲಿ ಡಿವಿಡೆಂಡ್ ಅನ್ನುವ ಸಾಲೇ ಇಲ್ಲ. "ಅವರೇ ತಿಂದುಹಾಕ್ತಿದ್ದಾರೆ" ಅಂತ ನಮ್ಮ ಯಜಮಾನರ ವಾದ.

ಡಲ್ಲಾಸ್ ಶಾನುಭೋಗ

ಯಾರೂ ತಿಂದಿಲ್ಲಮ್ಮ, ಯಜಮಾನರಿಗೆ ಸಮಾಧಾನ ಹೇಳು.

ಮೊದಲು ಆ ಶೇ. 8ರ ವಿಷಯ. ಮ್ಯೂಚುವಲ್ ಫಂಡ್‌ಗಳು ವರ್ಷದಲ್ಲಿ ಷೇರು ಮಾರಿ ಗಳಿಸಿದ ಲಾಭವನ್ನು ಹೂಡಿಕೆದಾರರಿಗೆ ಹಂಚುತ್ತವೆ. ಹಂಚದಿದ್ದರೆ ಫಂಡೇ ಟ್ಯಾಕ್ಸ್ ಕಟ್ಟಬೇಕಾಗುತ್ತದೆ. ಆಕ್ಟಿವ್ ಫಂಡ್‌ಗಳು ಇದನ್ನು ಹೆಚ್ಚಾಗಿ ಡಿಸೆಂಬರಿನಲ್ಲೇ ಮಾಡುವುದು. ಹಂಚಿದಷ್ಟು ದುಡ್ಡು ಫಂಡಿನಿಂದ ಹೊರಗೆ ಹೋಯಿತಲ್ಲ, ಬೆಲೆಯೂ ಅಷ್ಟೇ ಇಳಿಯುತ್ತದೆ. 100 ಡಾಲರ್ ಬೆಲೆಯ 200 ಯೂನಿಟ್ ಇವೆ ಅನ್ನು. ಯೂನಿಟ್‌ಗೆ ಒಂದೂವರೆ ಡಾಲರ್ ಹಂಚಿದರೆ ಬೆಲೆ 98.50 ಆಗುತ್ತದೆ, ನಿನಗೆ 300 ಡಾಲರ್ ಸಿಗುತ್ತದೆ. ಅದರಲ್ಲಿ ಮತ್ತೆ 3.046 ಯೂನಿಟ್ ಬರುತ್ತವೆ. ಒಟ್ಟು ಅದೇ 20,000. ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ. ಡಿವಿಡೆಂಡನ್ನು ಬ್ಯಾಂಕಿನ ಬಡ್ಡಿ ಅಂದುಕೊಳ್ಳುವ ಚಾಳಿ ನಮ್ಮವರಿಗೆ ಯಾವಾಗ ಹೋಗುತ್ತದೋ!

ಐಆರ್‌ಎ ಒಳಗೆ ನಡೆಯುವ ಇದ್ಯಾವುದಕ್ಕೂ ಆ ವರ್ಷ ಟ್ಯಾಕ್ಸ್ ಇಲ್ಲ. ಅದಕ್ಕೇ 1099-ಡಿಐವಿ ಬಂದಿಲ್ಲ. ದುಡ್ಡು ಹೊರಗೆ ತೆಗೆದ ವರ್ಷ 1099-ಆರ್ ಬರುತ್ತದೆ. ಟ್ಯಾಕ್ಸ್ ಕಟ್ಟದೆ ಹಾಕಿದ್ದ ದುಡ್ಡಾದರೆ ಆಗ ಡಿವಿಡೆಂಡ್, ಲಾಭ, ಅಸಲು ಅಂತ ಭೇದವಿಲ್ಲ, ಸಂಬಳದ ದರದಲ್ಲೇ ಟ್ಯಾಕ್ಸ್. ಒಳಗಿನ ದುಡ್ಡು ಒಳಗೇ ಸುತ್ತಿದರೆ ಅದು ಕಾಂಟ್ರಿಬ್ಯೂಷನ್ ಅಲ್ಲ, 8,000ದ ಲೆಕ್ಕಕ್ಕೂ ಬರುವುದಿಲ್ಲ.

ಈಗಿನ 401ಕೆಯಲ್ಲಿ ಫಂಡಿನ ಹೆಸರಿನ ಕೊನೆಗೆ "ಟ್ರಸ್ಟ್" ಅಂತ ಇದೆಯಾ ನೋಡು. ಅದು ಕಲೆಕ್ಟಿವ್ ಟ್ರಸ್ಟ್ (ನಿವೃತ್ತಿ ಪ್ಲಾನ್‌ಗಳಿಗೆಂದೇ ಇರುವ ಫಂಡ್) ಆಗಿದ್ದರೆ ಡಿವಿಡೆಂಡನ್ನು ಸಾಮಾನ್ಯವಾಗಿ ಹಂಚುವುದಿಲ್ಲ, ಅದು ಯೂನಿಟ್ ಬೆಲೆಯಲ್ಲೇ ಸೇರಿರುತ್ತದೆ.

ಕ್ಯಾಷೋ, ಮತ್ತೆ ಫಂಡಿಗೋ? 52ಕ್ಕೆ ಫಂಡಿಗೇ ಹಾಕು. ಕ್ಯಾಷ್ ಅಂತ ಆರಿಸಿದರೆ ಅದು ಅದೇ ಅಕೌಂಟಿನ ಮನಿ ಮಾರ್ಕೆಟ್ ಫಂಡಿಗೆ ಹೋಗಿ ಕೂರುತ್ತದೆ. ಅಲ್ಲಿ ಕೂತಿರುವುದೇ ಮರೆತುಹೋಗುತ್ತದೆ. ಬ್ಯಾಂಕ್ ಅಕೌಂಟಿಗೆ ಮಾತ್ರ ತಿರುಗಿಸಬೇಡ. ಅದು ವಿತ್‌ಡ್ರಾವಲ್. 59½ ಆಗುವ ಮುಂಚೆ ಟ್ಯಾಕ್ಸ್ ಜೊತೆಗೆ ಸಾಮಾನ್ಯವಾಗಿ ಶೇ. 10 ದಂಡವೂ ಬೀಳುತ್ತದೆ.

ನನ್ನ ಕಥೆ ಬೇರೆ. ನನಗೆ 74, ಆರ್‌ಎಂಡಿ (ವಯಸ್ಸಾದ ಮೇಲೆ ವರ್ಷವರ್ಷ ಕಡ್ಡಾಯವಾಗಿ ತೆಗೆಯಬೇಕಾದ ಮೊತ್ತ) ತೆಗೆಯಲೇಬೇಕು. ಹಿಂದಿನ ಡಿಸೆಂಬರ್ 31ರ ಬ್ಯಾಲೆನ್ಸನ್ನು ತೆರಿಗೆ ಇಲಾಖೆಯ ಪಟ್ಟಿಯಲ್ಲಿ ನನ್ನ ವಯಸ್ಸಿಗೆ ಕೊಟ್ಟಿರುವ 25.5ರಿಂದ ಭಾಗಿಸಬೇಕು. 4 ಲಕ್ಷ ಡಾಲರ್ ಇದ್ದರೆ 15,686. ಅದಕ್ಕೇ ಎಲ್ಲ ಡಿವಿಡೆಂಡನ್ನೂ ಕ್ಯಾಷ್‌ಗೆ ಬಿಟ್ಟಿದ್ದೇನೆ. ಪೂರ್ತಿ ಸಾಲುವುದಿಲ್ಲ, ಮಿಕ್ಕಿದ್ದಕ್ಕೆ ಬಾಂಡ್ ಫಂಡ್ ಸ್ವಲ್ಪ ಮಾರುತ್ತೇನೆ.

ಬೇ ಏರಿಯಾ ಬಸವ

ಶಾನುಭೋಗರು ಹೇಳಿದ್ದು ಸರಿ, ಆದರೆ ಒಂದು ಕಡೆ ಹುಷಾರು. ಇದೇ ಫಂಡ್ ನಿಮ್ಮ ಮಾಮೂಲಿ ಬ್ರೋಕರೇಜ್ ಅಕೌಂಟಿನಲ್ಲೂ ಇದೆಯಾ? ಅಲ್ಲಿ ನಷ್ಟಕ್ಕೆ ಮಾರಿ ಟ್ಯಾಕ್ಸ್ ಉಳಿಸಲು ಹೋದಿರಿ ಅನ್ನಿ. ಅದಕ್ಕೆ 30 ದಿನ ಹಿಂದೆಯೋ ಮುಂದೆಯೋ ಐಆರ್‌ಎ ಒಳಗೆ ಡಿವಿಡೆಂಡಿನಿಂದ ಅದೇ ಫಂಡ್ ತಾನಾಗೇ ಖರೀದಿಯಾದರೆ ವಾಷ್ ಸೇಲ್ ಆಗುತ್ತದೆ. ಖರೀದಿಯಾದ ಯೂನಿಟ್‌ಗಳಷ್ಟರ ನಷ್ಟವನ್ನು ತೋರಿಸುವ ಹಾಗಿಲ್ಲ. ಮಾಮೂಲಿ ಅಕೌಂಟಿನಲ್ಲಾದರೆ ಆ ನಷ್ಟ ಹೊಸ ಯೂನಿಟ್‌ಗಳ ಖರೀದಿ ಬೆಲೆಗೆ ಸೇರಿಕೊಳ್ಳುತ್ತದೆ. ಐಆರ್‌ಎಯಲ್ಲಿ ಆದರೆ ಹೋಯಿತು ಅಂತಲೇ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ 2008ರ ರೂಲಿಂಗ್ ಇದೆ. ಎರಡು ಕಡೆ ಬೇರೆ ಬೇರೆ ಇಂಡೆಕ್ಸಿನ ಫಂಡ್ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಮೈಸೂರಿಗೆ ವಾಪಸ್

ಊರಿಗೆ ಮರಳುವ ಯೋಚನೆ ಇದ್ದರೆ ಇದನ್ನೂ ಓದಿ. ಭಾರತದಲ್ಲಿ ಪೂರ್ತಿ ರೆಸಿಡೆಂಟ್ ಆದ ಮೇಲೆ ಹೊರದೇಶದ ಆದಾಯಕ್ಕೂ ಇಲ್ಲಿ ಟ್ಯಾಕ್ಸ್. ಐಆರ್‌ಎ ಒಳಗೆ ಸುತ್ತುತ್ತಿರುವ ಡಿವಿಡೆಂಡ್‌ಗೂ ವರ್ಷವರ್ಷ ಕೇಳುತ್ತಾರಾ ಅನ್ನುವ ಗೊಂದಲ ಬಹಳ ಇತ್ತು. 2021ರ ಬಜೆಟ್‌ನಲ್ಲಿ 89ಎ ಅಂತ ಒಂದು ಸೆಕ್ಷನ್ ಬಂತು. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಿಗೆ, ತೆಗೆದಾಗ ಮಾತ್ರ ಟ್ಯಾಕ್ಸ್ ಅನ್ನುವ ಆಯ್ಕೆ ಕೊಟ್ಟರು. ಅದಕ್ಕೆ ಫಾರ್ಮ್ 10-ಇಇ ತುಂಬಬೇಕಿತ್ತು, ಅದೂ ರಿಟರ್ನ್‌ನ ಗಡುವಿನೊಳಗೆ. ಒಮ್ಮೆ ಆರಿಸಿಕೊಂಡರೆ ಹಿಂದೆಗೆಯುವ ಹಾಗಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳೆಲ್ಲ ಬದಲಾಗಿವೆ, ಹಾಗಾಗಿ ಸಿಎ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ಹಾಸನದವಳು

ತುಂಬಾ ಥ್ಯಾಂಕ್ಸ್. ನಮ್ಮ 401ಕೆ ಫಂಡ್ ಹೆಸರಲ್ಲಿ "ಟ್ರಸ್ಟ್" ಇದೆ, ಯಜಮಾನರಿಗೆ ತೋರಿಸಿದೆ. ಬಸವ ಅವರೇ, ಮಾಮೂಲಿ ಅಕೌಂಟಿನಲ್ಲಿ ಬರೀ ಇಂಟರ್‌ನ್ಯಾಷನಲ್ ಫಂಡ್ ಇದೆ. ಅದನ್ನೂ ಐಆರ್‌ಎಯಲ್ಲೇ ಕೊಳ್ಳಬೇಕಿತ್ತಾ?

ಬೇ ಏರಿಯಾ ಬಸವ

ಅಲ್ಲೇ ಇರಲಿ. ಹೊರದೇಶದ ಸರ್ಕಾರಗಳು ಡಿವಿಡೆಂಡಿನಲ್ಲಿ ಹಿಡಿದುಕೊಳ್ಳುವ ಟ್ಯಾಕ್ಸ್‌ಗೆ ಮಾಮೂಲಿ ಅಕೌಂಟಿನಲ್ಲಾದರೆ ಫಾರಿನ್ ಟ್ಯಾಕ್ಸ್ ಕ್ರೆಡಿಟ್ (ಅಮೆರಿಕದ ಟ್ಯಾಕ್ಸಿನಲ್ಲಿ ಅದಕ್ಕೆ ಸಿಗುವ ಕಡಿತ) ಕೇಳಬಹುದು. ಐಆರ್‌ಎಯಲ್ಲಿ ಆ ದಾರಿ ಇಲ್ಲ.