ಜರ್ಮನಿನ ‘ಜೀ’ ನಮ್ಮ ‘ನೀವು’ ಹೌದೇ?

ಪ್ರಶ್ನೆ: ಮಣಿಪಾಲದ ಪಾಠದವಳು

ನಮಸ್ಕಾರ. ನೆರೆಮನೆಯ ಇಬ್ಬರು ಹುಡುಗರಿಗೆ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಆರಂಭದ ಪಾಠ ಹೇಳಿಕೊಡುತ್ತಿದ್ದೇನೆ. ಸಂಬೋಧನೆಗಳ ಪಟ್ಟಿಯಲ್ಲಿ ‘ನೀನು’ ಎಂಬುದರ ಎದುರು ‘ದು’ ಮತ್ತು ‘ತ್ಯು’, ‘ನೀವು’ ಎಂಬುದರ ಎದುರು ‘ಜೀ’ ಮತ್ತು ‘ವೂ’ ಎಂದು ಬರೆದೆ. ಇಂಗ್ಲಿಷಿನ ಸಾಲಿನಲ್ಲಿ ಎರಡು ಕಡೆಯೂ ‘ಯೂ’ ಎಂದೇ ಬಂತು. ಆದರೆ ಈ ಇಬ್ಬರು ಹುಡುಗರನ್ನು ಒಟ್ಟಿಗೆ ಮಾತನಾಡಿಸುವಾಗಲೂ ‘ನೀವು’ ಎನ್ನುತ್ತೇವಲ್ಲ, ಅಲ್ಲಿಯೂ ‘ಜೀ’ ಸಲ್ಲುತ್ತದೆಯೇ?

ಉತ್ತರ: ಬಲ್ಮಠದ ಅನುವಾದಕ

ಸಲ್ಲದು, ಮೇಡಂ. ಫ್ರೆಂಚಿನ ‘ವೂ’ ನಮ್ಮ ‘ನೀವು’ ಇದ್ದಂತೆ, ಬಹುವಚನಕ್ಕೂ ಗೌರವಕ್ಕೂ ಅದೊಂದೇ ಪದ. ಜರ್ಮನ್ನಿನಲ್ಲಿ ಇವೆರಡೂ ಬೇರೆ: ಸಲುಗೆಯ ಹಲವರಿಗೆ ‘ಈರ್’, ಗೌರವಕ್ಕಾದರೆ ಒಬ್ಬರಿಗೂ ಹಲವರಿಗೂ ‘ಜೀ’. ತುಳು ಬಲ್ಲವರು ಎಡವುವುದು ಇಲ್ಲಿಯೇ. ತುಳುವಿನಲ್ಲಿ ಹಿರಿಯರೊಬ್ಬರಿಗೆ ‘ಈರ್’, ಹಲವರಿಗೆ ‘ನಿಕುಲು’. ಹಾಗಾಗಿ ಉಚ್ಚಾರ ಹೆಚ್ಚುಕಡಿಮೆ ಒಂದೇ ಆದರೂ ಬಳಕೆ ತಲೆಕೆಳಗು. ಕಲಿಯತೊಡಗಿದ ಹೊಸತರಲ್ಲಿ ನಾನು ಜರ್ಮನ್ ಅತಿಥಿಯೊಬ್ಬರನ್ನು ‘ಈರ್’ ಎಂದು ಕರೆದು ಬಹಳ ಮರ್ಯಾದೆ ಕೊಟ್ಟೆನೆಂದು ಬೀಗಿದ್ದೆ. ಅವರು ತಮ್ಮ ಬೆನ್ನ ಹಿಂದೆ ಇನ್ಯಾರು ನಿಂತಿದ್ದಾರೆಂದು ತಿರುಗಿ ನೋಡಿದರು.

ಇನ್ನೊಂದು ಮಾತು. ‘ಜೀ’ ವ್ಯಾಕರಣದ ಪ್ರಕಾರ ‘ಅವರು’ ಎಂಬ ಪ್ರಥಮ ಪುರುಷದ ಪದವೇ. ಬರೆಯುವಾಗ ಮೊದಲ ಅಕ್ಷರವನ್ನು ದೊಡ್ಡದು ಮಾಡಿದರೆ ಎದುರಿಗಿದ್ದವರಿಗೆ ಸಲ್ಲುತ್ತದೆ. ‘ಅವರು ತಾವೇ ಬಂದರು’ ಎನ್ನುವಾಗಿನ ‘ತಾವು’ ಪದವನ್ನೇ ನಾವು ‘ತಾವು ದಯಮಾಡಿಸಬೇಕು’ ಎಂದು ಎದುರಿನವರಿಗೂ ಬಳಸುತ್ತೇವಲ್ಲ, ರಚನೆಯಲ್ಲಿ ‘ಜೀ’ ಅದಕ್ಕೆ ಹತ್ತಿರ. ದಿನಬಳಕೆಯ ತೂಕದಲ್ಲಿ ಮಾತ್ರ ಅದು ‘ನೀವು’. ‘ತಾವು’ ಎಂಬುದರಷ್ಟು ಬಿಗುಮಾನ ಅದಕ್ಕಿಲ್ಲ.

ಉತ್ತರ: ಕುಂದಾಪುರದ ಓದುಗ

ಇಂಗ್ಲಿಷಿನವರು ಎಲ್ಲರನ್ನೂ ‘ನೀನು’ ಎನ್ನುತ್ತಾರೆಂದು ಮಕ್ಕಳಿಗೆ ಹೇಳಬೇಡಿ. ಅವರು ಬಿಟ್ಟದ್ದು ಏಕವಚನದ ‘ದೌ’ ಪದವನ್ನು. ‘ಯೂ’ ಹುಟ್ಟಿನಿಂದ ಬಹುವಚನ, ಆದ್ದರಿಂದ ಈಗ ಅಲ್ಲಿ ನಾಯಿಮರಿಗೂ ‘ನೀವು’. ಪಟ್ಟಿಯಲ್ಲಿ ‘ಕುಮಾರಿ’ ಇದ್ದರೆ ಅದನ್ನೂ ತಿದ್ದಿ: ‘ಫ್ರಾಯ್ಲೈನ್’ ಪದವನ್ನು ಪಶ್ಚಿಮ ಜರ್ಮನಿಯ ಸರ್ಕಾರಿ ಕಚೇರಿಗಳು 1972ರಲ್ಲಿ, ‘ಮದ್ಮೊಆಜೆಲ್’ ಪದವನ್ನು ಫ್ರಾನ್ಸಿನ ಸರ್ಕಾರಿ ಅರ್ಜಿ ನಮೂನೆಗಳು 2012ರಲ್ಲಿ ಕೈಬಿಟ್ಟವು.

ಮಣಿಪಾಲದ ಪಾಠದವಳು

ಇಬ್ಬರಿಗೂ ಧನ್ಯವಾದಗಳು. ‘ನೀವು’ ಎಂಬ ಸಾಲನ್ನು ಎರಡಾಗಿ ಒಡೆದು, ಪಕ್ಕದಲ್ಲಿ ತುಳುವಿಗೂ ಒಂದು ಅಂಕಣ ಎಳೆದಿದ್ದೇನೆ. ಹುಡುಗರಲ್ಲಿ ಒಬ್ಬನ ಮನೆಮಾತು ಅದೇ.