ಸ್ಯಾಗ್ 40 ಮಿ.ಮೀ.ಗೆ ಬಂತು, ಆದರೂ ಹಿಂಬದಿ ಸರಿಯಿಲ್ಲ. ಯಾಕೆ?

ಎರಡುಚಕ್ರ:
ನಮಸ್ಕಾರ. ರೋಡ್ ಬೈಕು. ಹಿಂದೆ ಲಿಂಕೇಜ್ (ಚಕ್ರಕ್ಕೂ ಶಾಕ್‌ಗೂ ನಡುವಿನ ಸನ್ನೆ ಜೋಡಣೆ) ಇರುವ ಮೋನೋಶಾಕ್, ಅಂದರೆ ಒಂದೇ ಶಾಕ್, ಮುಂದೆ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್. ಎರಡೂ ಕಡೆ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಚಲಿಸುವ ಒಟ್ಟು ದೂರ) 140 ಮಿ.ಮೀ. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ನನ್ನ ತೂಕ 95 ಕೆ.ಜಿ. ಹಿಂದಿನ ಸ್ಪ್ರಿಂಗ್ ಮಿ.ಮೀ.ಗೆ 80 ನ್ಯೂಟನ್‌ದು.

ಕಂಪನಿ ಸೆಟ್ಟಿಂಗ್‌ನಲ್ಲಿ ಹಿಂದಿನ ಸ್ಯಾಗ್ (ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಅಳತೆ) ಬೈಕ್ ಒಂದೇ ನಿಂತಾಗ 12, ನಾನು ಕೂತಾಗ 50. ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರೀಲೋಡ್ ರಿಂಗನ್ನು ಮೂರು ಸುತ್ತು ಬಿಗಿ ಮಾಡಿದೆ. ಈಗ 2 ಮತ್ತು 40. ಕೂತಾಗ 40 ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಂಪ್ ದಾಟಿದ ಕೂಡಲೇ ಹಿಂದಿನಿಂದ ಟಕ್ ಅಂತ ಸದ್ದು. ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನೆಲ ಬಿಟ್ಟಂತಾಗುತ್ತದೆ. ಇಷ್ಟಾದರೂ ದೊಡ್ಡ ಗುಂಡಿಗೆ ಬಿದ್ದಾಗ ಶಾಕ್ ಈಗಲೂ ತಳ ಮುಟ್ಟುತ್ತದೆ. ಗಟ್ಟಿ ಮಾಡಿದ ಮೇಲೂ ಹೀಗೇಕೆ?

ಮುಂದಿನ ಫೋರ್ಕಿನಲ್ಲಿ ಇನ್ನೊಂದು ಗೊಂದಲ. ನಾನು ಕೂತಾಗಿನ ಅಳತೆ ಒಮ್ಮೆ 52, ಇನ್ನೊಮ್ಮೆ 40 ಬರುತ್ತಿದೆ. ಯಾವುದನ್ನು ಹಿಡಿಯಲಿ?

ಸಿ_ಸ್ಪ್ಯಾನರ್:
ನೀವು ಗಟ್ಟಿ ಮಾಡಿದ್ದು ಸ್ಪ್ರಿಂಗನ್ನಲ್ಲ, ಎತ್ತರಿಸಿದ್ದು ಬೈಕನ್ನು. ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. 50ರಲ್ಲಿ 12 ಕಳೆದರೆ 38. 40ರಲ್ಲಿ 2 ಕಳೆದರೂ 38. ರಿಂಗ್ ಎಷ್ಟೇ ತಿರುಗಿಸಿ, ನೀವು ಕೂತಾಗ ಅದು 38 ಮಿ.ಮೀ. ಕುಸಿದೇ ಕುಸಿಯುತ್ತದೆ. ಈ ವ್ಯತ್ಯಾಸವನ್ನು ತೀರ್ಮಾನಿಸುವುದು ನಿಮ್ಮ ತೂಕ ಮತ್ತು ಸ್ಪ್ರಿಂಗಿನ ಗಡಸುತನ, ಪ್ರೀಲೋಡ್ ಅಲ್ಲ.

ಕೂತಾಗ 40 ಬಂದು ಬೈಕ್ ಒಂದೇ ನಿಂತಾಗ ಬರೀ 2 ಉಳಿದರೆ ಸ್ಪ್ರಿಂಗ್ ನಿಮಗೆ ಮೆದು. ಬಹಳ ಜನ ಇದನ್ನು ಉಲ್ಟಾ ತಿಳಿಯುತ್ತಾರೆ: ಬೈಕ್ ಕುಸಿಯುತ್ತಲೇ ಇಲ್ಲ, ಹಾಗಾದರೆ ಸ್ಪ್ರಿಂಗ್ ಗಡಸು ಅಂತ. ಅಲ್ಲ. ಮೆದು ಸ್ಪ್ರಿಂಗನ್ನು ವಿಪರೀತ ಅದುಮಿ ಇಟ್ಟಿರುವುದರಿಂದ ಅದು ಬೈಕನ್ನು ಪೂರ್ತಿ ಮೇಲಕ್ಕೆ ತಳ್ಳಿ ನಿಲ್ಲಿಸಿದೆ. ಚಕ್ರಕ್ಕೆ ಕೆಳಗೆ ಚಾಚಲು ಜಾಗ ಕಡಿಮೆಯಾಗಿದೆ. ಹಂಪಿನಾಚೆ ಶಾಕ್ ಪೂರ್ತಿ ಚಾಚಿ ಟಾಪ್‌ಔಟ್ ಆಗುವಾಗಿನ ಸದ್ದೇ ಆ ಟಕ್. ಬ್ರೇಕ್ ಹಿಡಿದಾಗ ಚಕ್ರ ಹಗುರಾಗುವುದಕ್ಕೂ ಇದೇ ಕಾರಣ.

ಇನ್ನು ತಳ ಮುಟ್ಟುವುದು. ಕೂತ ಮೇಲೆ ಉಳಿಯುವ ಟ್ರಾವೆಲ್ 90ರಿಂದ 100 ಆಗಿದೆ. ಅಂದರೆ ತಳ ಮುಟ್ಟಿಸಲು ಬೇಕಾದ ಹೆಚ್ಚುವರಿ ಬಲ ಸುಮಾರು 11% ಏರಿತು, ಅಷ್ಟೇ.

ನಿಮ್ಮ ಗುರಿ ಬೈಕ್ ಒಂದೇ ನಿಂತಾಗ 10, ಕೂತಾಗ 42 ಇರಲಿ. 42 ಅಂದರೆ 140ರ 30%, ರಸ್ತೆಗೆ ಸರಿಯಾದ ಜಾಗ. ಆಗ ವ್ಯತ್ಯಾಸ 32. ಬೇಕಾದ ಸ್ಪ್ರಿಂಗ್ 80 × 38 ÷ 32, ಅಂದರೆ 95 ನ್ಯೂಟನ್. ಈ ಸ್ಪ್ರಿಂಗಿನಲ್ಲಿ ತಳ ಮುಟ್ಟಲು ಬೇಕಾದ ಬಲ ಕಂಪನಿ ಸೆಟ್ಟಿಂಗಿಗಿಂತ ಸುಮಾರು 29% ಹೆಚ್ಚುತ್ತದೆ. ಲಿಂಕೇಜ್‌ನ ಅನುಪಾತ ಕುಸಿದಂತೆಲ್ಲ ಬದಲಾಗುವುದರಿಂದ ಲೆಕ್ಕ ಸ್ವಲ್ಪ ಅತ್ತಿತ್ತ ಆಗಬಹುದು. ಸರಿಯಾಗಿ 95 ಸಿಗದಿದ್ದರೆ ಅದರ ಹತ್ತಿರದ್ದನ್ನು ಹಾಕಿ.

ಫೋರ್ಕ್‌ಆಯಿಲ್:
ಮುಂದಿನ ಅಳತೆ: ಎರಡೂ ನಿಜ, ಒಂದನ್ನೇ ಹಿಡಿಯಬೇಡಿ. ಹ್ಯಾಂಡಲ್ ಒತ್ತಿ ನಿಧಾನವಾಗಿ ಬಿಟ್ಟು ಮೇಲೆ ಬಂದು ನಿಂತಾಗ ಒಂದು, ಎತ್ತಿ ನಿಧಾನವಾಗಿ ಇಳಿಸಿದಾಗ ಇನ್ನೊಂದು ಅಳೆದು ಸರಾಸರಿ ತೆಗೆಯಬೇಕು. ನಿಮ್ಮದು 46. ಆದರೆ ಎರಡರ ನಡುವೆ 12 ಮಿ.ಮೀ. ಅಂತರ ಅಂದರೆ ಫೋರ್ಕ್ ಒಳಗೆ ಎಲ್ಲೋ ಹಿಡಿಯುತ್ತಿದೆ. ಐದಾರು ಮಿ.ಮೀ. ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲು ಆಕ್ಸೆಲ್ ನೋಡಿ. ಚಕ್ರ ಬಿಚ್ಚಿ ಹಾಕುವಾಗ ಆಕ್ಸೆಲನ್ನು ಅದುಮಿ ಹಿಡಿಯುವ ಪಿಂಚ್ ಬೋಲ್ಟನ್ನು ಅವಸರದಲ್ಲಿ ಬಿಗಿದರೆ ಫೋರ್ಕಿನ ಎರಡು ಕಾಲು ಸಮಾನಾಂತರ ನಿಲ್ಲುವುದಿಲ್ಲ. ಆಕ್ಸೆಲ್ ಬಿಗಿಯಾಗಿಯೇ ಇರಲಿ, ಪಿಂಚ್ ಬೋಲ್ಟ್ ಮಾತ್ರ ಸಡಿಲಿಸಿ. ಬೈಕನ್ನು ನೆಲಕ್ಕೆ ಇಳಿಸಿ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಜೋರಾಗಿ ಒತ್ತಿ. ಕಾಲು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ ಬಿಗಿಯಿರಿ. ಎರಡು ಬೋಲ್ಟ್ ಇದ್ದರೆ ಒಂದಾದ ಮೇಲೆ ಒಂದರಂತೆ ಸ್ವಲ್ಪ ಸ್ವಲ್ಪ. ಇಷ್ಟಕ್ಕೂ ಅಂತರ ಕಡಿಮೆಯಾಗದಿದ್ದರೆ ಡಸ್ಟ್ ಸೀಲ್ ಕೆಳಗಿನ ಮಣ್ಣು, ಒಣಗಿದ ಸೀಲ್, ಬಾಗಿದ ಟ್ಯೂಬ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಇದು ಸರಿಹೋಗುವವರೆಗೆ ಮುಂದಿನ ಪ್ರೀಲೋಡ್ ಮುಟ್ಟಬೇಡಿ. ಸರಿಹೋದ ಮೇಲೂ 46 ಬಂದರೆ 40ಕ್ಕೆ ತನ್ನಿ. ಫೋರ್ಕಿನಲ್ಲಿ ಲಿಂಕೇಜ್ ಇಲ್ಲ, ಹಾಗಾಗಿ 1 ಮಿ.ಮೀ. ಪ್ರೀಲೋಡಿಗೆ ಹತ್ತಿರ ಹತ್ತಿರ 1 ಮಿ.ಮೀ. ಸ್ಯಾಗ್. ಅಡ್ಜಸ್ಟರ್ ಇಲ್ಲದಿದ್ದರೆ ಸ್ಪ್ರಿಂಗ್ ಮೇಲಿನ ಸ್ಪೇಸರ್ 6 ಮಿ.ಮೀ. ಉದ್ದ ಮಾಡಬೇಕು, ಎರಡೂ ಕಾಲಿಗೆ ಒಂದೇ ಅಳತೆ. ಮುಂದಿನ ಚಕ್ರ ನೆಲದಿಂದ ಮೇಲಿರಲಿ. ಫೋರ್ಕ್ ಕ್ಯಾಪಿನ ಕೊನೆಯ ಎಳೆ ಬಿಚ್ಚುವಾಗ ಅಂಗೈಯಿಂದ ಒತ್ತಿ ಹಿಡಿಯಿರಿ, ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ.

ಎರಡುಚಕ್ರ:
ಇಬ್ಬರಿಗೂ ಧನ್ಯವಾದ. ಪಿಂಚ್ ಬೋಲ್ಟ್ ಮೊದಲು ನೋಡುತ್ತೇನೆ. ಹೊಸ ಸ್ಪ್ರಿಂಗ್ ಬರುವ ತನಕ ಆ ಟಕ್ ಸದ್ದಿಗೆ ರಿಬೌಂಡ್ ಡ್ಯಾಂಪಿಂಗ್ (ಶಾಕ್ ಮರಳಿ ಚಾಚುವುದನ್ನು ನಿಧಾನಿಸುವ ತಡೆ) ಬಿಗಿ ಮಾಡಿದರೆ ನಡೆಯುತ್ತದಾ? ಅಳತೆಯೂ ಸರಿಯಾಗಿದೆಯಾ ಅಂತ ಅನುಮಾನ. ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಳೆದಿದ್ದೆ.

ಗ್ರೀಸ್‌ಗನ್:
ಯಾವ ಸ್ಟ್ಯಾಂಡ್? ಸ್ವಿಂಗ್‌ಆರ್ಮ್ ಕೆಳಗೆ ಹಿಡಿಯುವ ಸ್ಟ್ಯಾಂಡ್ ಆದರೆ ಬೈಕಿನ ಭಾರ ಶಾಕ್ ಮೇಲೇ ಇರುತ್ತದೆ, ಪೂರ್ತಿ ಚಾಚಿದ ಅಳತೆ ಸಿಗುವುದೇ ಇಲ್ಲ. ಇಬ್ಬರು ಹಿಂದಿನ ಗ್ರ್ಯಾಬ್ ರೇಲ್ ಹಿಡಿದು ಚಕ್ರ ನೆಲ ಬಿಡುವಷ್ಟು ಎತ್ತಲಿ, ಇಲ್ಲವೇ ಫ್ರೇಮಿಗೆ ಆಸರೆ ಕೊಡಿ. ಆಕ್ಸೆಲ್‌ನಿಂದ ನೇರ ಮೇಲಕ್ಕೆ ಸಬ್‌ಫ್ರೇಮ್ ಮೇಲೆ ಟೇಪಿನ ಗುರುತು ಹಾಕಿ, ಪ್ರತಿಸಲ ಅಲ್ಲಿಗೇ ಅಳೆಯಿರಿ. ಕೂತಾಗ ಎರಡೂ ಪಾದ ಫುಟ್‌ಪೆಗ್ ಮೇಲಿರಲಿ, ಬ್ರೇಕ್ ಒತ್ತಬೇಡಿ. ಬೈಕ್ ಬೀಳದಂತೆ ಹಿಡಿಯುವವರು ಅದರ ಮೇಲೆ ಭಾರ ಹಾಕಬಾರದು. ಸ್ಯಾಗ್‌ಗೆ ಝಿಪ್ ಟೈ ಕಟ್ಟಿ ನೋಡುವವರಿದ್ದಾರೆ, ಆದರೆ ಅದು ಫೋರ್ಕ್ ಎಷ್ಟು ಆಳಕ್ಕೆ ಹೋಗಿತ್ತು ಅನ್ನುವುದನ್ನಷ್ಟೇ ತೋರಿಸುತ್ತದೆ, ಎಲ್ಲಿ ನಿಂತಿದೆ ಅನ್ನುವುದನ್ನಲ್ಲ.

ರಿಬೌಂಡ್ ಬಿಗಿ ಮಾಡುವುದು ಬೇಡ. ಡ್ಯಾಂಪಿಂಗ್ ಕೆಲಸ ಮಾಡುವುದು ಶಾಕ್ ಚಲಿಸುವಾಗ ಮಾತ್ರ, ನಿಂತ ಬೈಕಿನ ಸ್ಯಾಗ್ ಅದರಿಂದ ಬದಲಾಗದು. ಸದ್ದು ಅಡಗಬಹುದು, ಆದರೆ ಸಾಲು ಗುಂಡಿಗಳಲ್ಲಿ ಚಕ್ರ ಮತ್ತೆ ಕೆಳಗೆ ಚಾಚುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಶಾಕ್ ಹಂತಹಂತವಾಗಿ ಕುಸಿಯುತ್ತಾ ಹೋಗುತ್ತದೆ. ಹೊಸ ಸ್ಪ್ರಿಂಗ್ ಬರುವವರೆಗೆ ಪ್ರೀಲೋಡ್ ರಿಂಗನ್ನು ಒಂದೂವರೆ ಸುತ್ತು ಹಿಂದಕ್ಕೆ ಬಿಡಿ. ನಿಮ್ಮ ಬೈಕಿನಲ್ಲಿ ಸುತ್ತಿಗೆ ಸುಮಾರು ಮೂರೂಕಾಲು ಮಿ.ಮೀ. ಬದಲಾಗಿದೆ, ಹಾಗಾಗಿ 7 ಮತ್ತು 45ರ ಹತ್ತಿರ ನಿಲ್ಲುತ್ತದೆ.

ರಿಂಗ್ ತಿರುಗಿಸುವ ಮೊದಲು ಎಳೆಗಳನ್ನು ಬ್ರಷ್‌ನಿಂದ ಉಜ್ಜಿ, ಎಣ್ಣೆ ಸ್ಪ್ರೇ ಮಾಡಿ, ಲಾಕ್ ರಿಂಗ್ ಸಡಿಲಿಸಿ, ಚಕ್ರ ನೆಲದಿಂದ ಎತ್ತಿ. ಉಳಿ ಸುತ್ತಿಗೆ ಬೇಡವೇ ಬೇಡ. ಅಲ್ಯೂಮಿನಿಯಂ ರಿಂಗಿನ ಹಲ್ಲು ಒಂದು ಸಲ ಕಿತ್ತರೆ ಸಿ-ಸ್ಪ್ಯಾನರ್ ಹಿಡಿತ ಸಿಗದು. ಸುತ್ತು ಎಣಿಸುವುದಕ್ಕಿಂತ ಸ್ಪ್ರಿಂಗಿನ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಡುವುದು ವಾಸಿ.

ಹೊಸ ಸ್ಪ್ರಿಂಗ್ ತರಿಸುವಾಗ ಗಡಸುತನದ ಜೊತೆಗೆ ಒಳವ್ಯಾಸ, ಉದ್ದ ಎರಡನ್ನೂ ಹೊಂದಿಸಿ. ಹಾಕಿದ ಮೇಲೆ ರಿಬೌಂಡ್ ಒಂದೆರಡು ಕ್ಲಿಕ್ ಹೆಚ್ಚು ಬೇಕಾಗಬಹುದು, ಒಂದೊಂದೇ ಕ್ಲಿಕ್ ಕೊಟ್ಟು ಓಡಿಸಿ ನೋಡಿ.

ಸಿ_ಸ್ಪ್ಯಾನರ್:
ಒಂದು ಬಿಟ್ಟುಹೋಯಿತು. ಹಿಂಬದಿಯ ಎತ್ತರ ಬದಲಾದರೆ ಚೈನ್ ಸಡಿಲವೂ ಬದಲಾಗುತ್ತದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಆ ಸ್ಥಿತಿಯಲ್ಲೂ ಕೊಂಚ ಆಟ ಉಳಿದಿರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ. ಹೆಡ್‌ಲೈಟ್ ಎತ್ತರವನ್ನೂ ನೋಡಿ.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗುವ ದಿನಗಳಿಗೆ ಬೇರೆ ಅಳತೆ ಬೇಕು. ಇಬ್ಬರೂ ಕೂತು ಅಳೆದು ಸ್ಯಾಗ್ 42–45ರ ಒಳಗೆ ಬರುವಷ್ಟು ರಿಂಗ್ ಬಿಗಿ ಮಾಡಿ. ಆಗ ಬೈಕ್ ಒಂದೇ ನಿಂತಾಗಿನ ಸ್ಯಾಗ್ ಸೊನ್ನೆಗೆ ಬಂದರೂ ತೊಂದರೆಯಿಲ್ಲ, ಆ ಭಾರ ದಾರಿಯುದ್ದಕ್ಕೂ ಮೇಲೆಯೇ ಇರುತ್ತದೆ. ಅವರು ಇಳಿದ ಮೇಲೆ ಅಷ್ಟೇ ಸುತ್ತು ಹಿಂದಕ್ಕೆ.