ಸಹಾಯ ಬೇಕು: ಲಿಮಿಟೆಡ್ ಎಡಿಷನ್ ಕಾರಿಗೆ ರೀಸೇಲ್ ಬೆಲೆ ನಿಲ್ಲುತ್ತಾ?

ನಮಸ್ಕಾರ, ನಾನು ದಾವಣಗೆರೆಯವನು. ಬೆಂಗಳೂರಲ್ಲಿ ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 (ಆಕ್ಟೇವಿಯಾದಲ್ಲೇ ಜಾಸ್ತಿ ಪವರ್ ಇರೋ ಮಾಡೆಲ್) ಮಾರಾಟಕ್ಕಿದೆ. 2020ರಲ್ಲಿ ನಮ್ಮ ದೇಶಕ್ಕೆ ಬಂದಿದ್ದೇ 200 ಕಾರು, ಆಗಿನ ಶೋರೂಂ ಬೆಲೆ ಸುಮಾರು 36 ಲಕ್ಷ. ಮಾಲೀಕರು ಒಂದು ರೂಪಾಯಿ ಇಳಿಸುತ್ತಿಲ್ಲ. ‘ಇಂಥದ್ದು ಮತ್ತೆ ಸಿಗಲ್ಲ, ಬೆಲೆ ಬೀಳಲ್ಲ’ ಅನ್ನುತ್ತಾರೆ.

ಫೆರಾರಿ ಎಫ್40 ಥರದ ಸೂಪರ್‌ಕಾರಿಗಾದರೆ ಈ ಮಾತು ಒಪ್ಪುತ್ತೇನೆ. ಕಂಪನಿಯವರು 400 ಮಾಡ್ತೀವಿ ಅಂದು 1,300ಕ್ಕೂ ಜಾಸ್ತಿ ಮಾಡಿದರೂ ಇವತ್ತು ಅದು ಕೋಟಿಗಟ್ಟಲೆ ಬಾಳುತ್ತದೆ. ಆದರೆ ಇದು ಸ್ಕೋಡಾ ಅಲ್ವಾ?

ಐದು ವರ್ಷ ಓಡಿಸಿ ಮಾರಿದರೆ ಎಷ್ಟು ಕೈಗೆ ಬರಬಹುದು? ಮಾಮೂಲಿ ಆಕ್ಟೇವಿಯಾಗಿಂತ ಜಾಸ್ತಿ ಸಿಗುತ್ತಾ? ಇಟ್ಟುಕೊಂಡವರು, ಮಾರಿದವರು ದಯವಿಟ್ಟು ಹೇಳಿ. ಚನ್ನಗಿರಿ ತೋಟದ ಅಡಿಕೆ ದುಡ್ಡು ಇದು. ಸುಮ್ನೆ ಒಂದು ಸೈಟ್ ತಗೋ ಅಂತ ಅಪ್ಪ ಪಟ್ಟು ಹಿಡಿದು ಕೂತಿದ್ದಾರೆ. ನಮ್ಮೂರಿನ ರೋಡ್ ಹಂಪುಗಳಿಗೆ ಈ ತಗ್ಗು ಕಾರಿನ ತಳ ತಾಗಬಹುದು ಅನ್ನೋದು ಅವರಿಗೆ ಇನ್ನೂ ಹೊಳೆದಿಲ್ಲ.